ನೀರಿಗೂ ಒಂದು ಪಾಸ್‌ಬುಕ್ ಬೇಕು

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮನೆಕೆಲಸ, ಹೊಲದ ಕೆಲಸ, ಹಸುವಿನ ಹಾಲು ಡೈರಿಗೆ ಹಾಕುವ ಕೆಲಸ ಎಲ್ಲವನ್ನೂ ಮುಗಿಸಿಕೊಂಡು ಇಷ್ಟು ಜನ ಬಂದಿದ್ದೀರಿ.

ಇವತ್ತಿನ ವಿಷಯ ಬೆಳೆಗೆ ನೀರು ಹಾಯಿಸುವುದು. ಹಿಂದಿನ ಕಾಲದಲ್ಲಿ ಹೇಗೆ ಹಾಯಿಸುತ್ತಿದ್ದರು, ಈಗ ಹೇಗೆ ಹಾಯಿಸುತ್ತೇವೆ, ಎರಡರಲ್ಲೂ ನಾವು ಕಲಿಯಬೇಕಾದ್ದು ಏನು ಅಂತ ಮಾತಾಡೋಣ. "ಸಿಸ್ಟರ್, ಇದು ಗಂಡಸರಿಗೆ ಹೇಳಬೇಕಾದ ವಿಷಯ ಅಲ್ವಾ? ಮೋಟಾರು ಹಾಕೋರು ಅವರು, ಬೋರು ಕೊರೆಸೋರು ಅವರು" ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ನಿಜ. ಆದರೆ ಬೋರು ಕೊರೆಸುವುದಕ್ಕೆ ಸಾಲ ಎಲ್ಲಿಂದ ಬರುತ್ತದೆ? ಎಷ್ಟೋ ಮನೆಗಳಲ್ಲಿ ಅದು ಸಂಘದ ಸಾಲ. ಪುಸ್ತಕದಲ್ಲಿ ಇರುವುದು ಹೆಣ್ಣುಮಗಳ ಹೆಸರು, ರುಜು. ಗಿರವಿ ಇಟ್ಟ ಓಲೆ, ಬಳೆ ಅವಳದ್ದು. ನೀರು ಬಂದರೆ ಬೆಳೆ ಮನೆಯದ್ದು, ನೀರು ಬರದಿದ್ದರೆ ಕಂತು ಮಾತ್ರ ಅವಳದ್ದು. ಆದ್ದರಿಂದ ಇದು ನಮ್ಮ ವಿಷಯವೇ.

ನಾವು ವಾರವಾರ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುತ್ತೇವೆ. ಜಮಾ ಎಷ್ಟು, ಖರ್ಚು ಎಷ್ಟು, ಬಾಕಿ ಎಷ್ಟು ಅಂತ ಅಕ್ಷರ ಬಾರದ ಅಜ್ಜಿ ಕೂಡ ಬಾಯಲ್ಲೇ ಹೇಳುತ್ತಾಳೆ. ಜಮಾ ಇಲ್ಲದೆ ಖರ್ಚು ಮಾಡಬಾರದು ಅಂತ ಸಂಘ ನಮಗೆ ಕಲಿಸಿದೆ. ಅದೇ ಪಾಠವನ್ನು ನೀರಿಗೂ ಹಾಕಬೇಕು. ಈ ದಿನ ನಾವು ಹೇಳಬೇಕೆಂದಿರುವುದು ಇಷ್ಟೇ.

ಮಳೆಯೇ ನಮ್ಮ ಜಮಾ

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್, ಪೆನ್ನಾರ್ ನದಿಗಳು ಹುಟ್ಟುವುದು ಈ ಸೀಮೆಯಲ್ಲೇ ಆದರೂ ಮಳೆ ಬಂದಾಗ ಮಾತ್ರ ಅವುಗಳಲ್ಲಿ ನೀರು. ಹಾಗಾಗಿ ನಮ್ಮ ಜಮಾ ಎಂದರೆ ಮಳೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ಅಂದರೆ ಒಂದು ಎಕರೆ ಮೇಲೆ ವರ್ಷಕ್ಕೆ ಸುಮಾರು 28 ಲಕ್ಷ ಲೀಟರ್ ನೀರು ಬೀಳುತ್ತದೆ. ಕೇಳಿದರೆ ಆಶ್ಚರ್ಯ ಆಗುತ್ತೆ, ಅಲ್ವಾ?

ಈಗ ಖರ್ಚು ನೋಡಿ. ಒಂದು ಎಕರೆ ರಾಗಿ ಬೆಳೆ ಕೊಯ್ಲಿಗೆ ಬರುವವರೆಗೆ ಸುಮಾರು 400 ಮಿಲಿಮೀಟರ್ ನೀರು ಕೇಳುತ್ತದೆ. ಅದು 16 ಲಕ್ಷ ಲೀಟರ್. ನಮ್ಮ ಜಮಾದಲ್ಲಿ ಅದು ಸರಿಹೋಗುತ್ತದೆ. ಅದಕ್ಕೇ ನಮ್ಮ ಹಿರಿಯರು ರಾಗಿ, ಅವರೆ, ತೊಗರಿ, ಸಾಸಿವೆಯನ್ನು ಮಳೆಯ ಮೇಲೆಯೇ ಬೆಳೆದರು. ಟೊಮೇಟೊ ಬೆಳೆಗೆ ಸುಮಾರು 600 ಮಿಲಿಮೀಟರ್, ಅಂದರೆ 24 ಲಕ್ಷ ಲೀಟರ್ ಬೇಕು. ಗದ್ದೆಯಲ್ಲಿ ನೀರು ನಿಲ್ಲಿಸಿ ಬೆಳೆಯುವ ಭತ್ತಕ್ಕೆ ಸುಮಾರು 1,200 ಮಿಲಿಮೀಟರ್, ಅಂದರೆ 48 ಲಕ್ಷ ಲೀಟರ್ ಬೇಕು. ಬಿದ್ದ ಮಳೆಯೆಲ್ಲಾ ನಮ್ಮ ಕೈಗೆ ಸಿಗುವುದೂ ಇಲ್ಲ. ಸ್ವಲ್ಪ ಹರಿದುಹೋಗುತ್ತದೆ, ಸ್ವಲ್ಪ ಆವಿಯಾಗುತ್ತದೆ. ಹಾಗಾದರೆ 28 ಲಕ್ಷ ಜಮಾ ಇರುವ ಎಕರೆಯಲ್ಲಿ 48 ಲಕ್ಷ ಖರ್ಚು ಮಾಡುವುದು ಹೇಗೆ? ಬೇರೆ ಎಕರೆಗಳ ಮಳೆಯನ್ನು ತರಬೇಕು. ಇದನ್ನು ಲೆಕ್ಕ ಹಾಕಿ ಮಾಡಿದ ಏರ್ಪಾಡೇ ಕೆರೆ.

ಕೆರೆ ಮತ್ತು ನೀರುಗಂಟಿ

ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ನಮ್ಮ ಕಡೆಯ ಕೆರೆಗಳು ಮಣಿಸರದ ಹಾಗೆ ಒಂದರ ಕೆಳಗೆ ಒಂದು ಇವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಸುತ್ತಲಿನ ನೂರಾರು ಎಕರೆ ಬೆದ್ದಲು, ಗೋಮಾಳ, ಗುಡ್ಡದ ಮಳೆನೀರು ಒಂದು ಕಡೆ ಸೇರಿ ಏರಿ ಕೆಳಗಿನ ಅಚ್ಚುಕಟ್ಟಿನ ಕೆಲವೇ ಎಕರೆಗೆ ಹೋಗುತ್ತಿತ್ತು. ಕೆರೆ ಕೆಳಗೆ ಮಾತ್ರ ಭತ್ತ, ಮೇಲೆ ರಾಗಿ. ಯಾವ ಪುಸ್ತಕವೂ ಇಲ್ಲದೆ ಜಮಾ ಖರ್ಚು ಸರಿದೂಗಿಸಿದ್ದರು.

ತೂಬು ಎತ್ತಿ ನೀರು ಬಿಡುವವನು ನೀರುಗಂಟಿ. ಯಾವ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ಅಂತ ನಿರ್ಧರಿಸುವವನು ಅವನು. ಜಮೀನ್ದಾರನಾದರೂ ತಾನೇ ಹೋಗಿ ತೂಬು ಎತ್ತುವಂತಿರಲಿಲ್ಲ. ಕೂಲಿಯಾಗಿ ಸುಗ್ಗಿಯಲ್ಲಿ ಧಾನ್ಯ ಕೊಡುತ್ತಿದ್ದರು. ಮಳೆ ಕಡಿಮೆಯಾದ ವರ್ಷ ಊರವರು ಕೂತು, ಕೆರೆಯಲ್ಲಿ ಇರುವ ನೀರಿಗೆ ಎಷ್ಟು ಎಕರೆ ಸಾಕೋ ಅಷ್ಟಕ್ಕೆ ಮಾತ್ರ ಬೆಳೆ ಇಡಿಸಿ, ಎಲ್ಲರಿಗೂ ಅದರಲ್ಲಿ ಪಾಲು ಹಂಚುತ್ತಿದ್ದರು. ಕೆಲವು ಕಡೆ ಇದಕ್ಕೆ ದಾಮಾಷಾ ಅನ್ನುತ್ತಿದ್ದರು. ಇರುವ ನೀರನ್ನು ಮೊದಲು ಅಳೆದು ಬೆಳೆಯನ್ನು ಆಮೇಲೆ ತೀರ್ಮಾನ ಮಾಡುವುದು ಎಷ್ಟು ದೊಡ್ಡ ಬುದ್ಧಿವಂತಿಕೆ ನೋಡಿ. ನಾವೀಗ ಮಾಡುವುದು ಉಲ್ಟಾ. ಮೊದಲು ಬೆಳೆ ಇಡುತ್ತೇವೆ, ಆಮೇಲೆ ನೀರು ಹುಡುಕುತ್ತೇವೆ.

ಹಾಗಂತ ಹಿಂದಿನದೆಲ್ಲಾ ಬಂಗಾರ ಅಂತ ನಾವು ಹೇಳುವುದಿಲ್ಲ. ನೀರು ಹಂಚಿದ ನೀರುಗಂಟಿ ಸಾಮಾನ್ಯವಾಗಿ ದಲಿತ. ಎಷ್ಟೋ ಕಡೆ ಅವನಿಗೆ ಅಚ್ಚುಕಟ್ಟಿನಲ್ಲಿ ಹೇಳಿಕೊಳ್ಳುವಷ್ಟು ಭೂಮಿ ಇರಲಿಲ್ಲ. ಕೆರೆಯ ಪಂಚಾಯಿತಿಯಲ್ಲಿ ಹೆಂಗಸರು ಬಾಯಿ ತೆರೆಯುವಂತಿರಲಿಲ್ಲ. "ಕೆರೆಗೆ ಹಾರ" ಹಾಡನ್ನು ನೀವೆಲ್ಲಾ ಕೇಳಿದ್ದೀರಿ. ಕೆರೆಗೆ ನೀರು ಬರಲಿ ಅಂತ ಬಲಿಯಾದವಳು ಮನೆಯ ಕಿರಿಸೊಸೆ ಭಾಗೀರಥಿ. ಅವಳನ್ನು ಯಾರೂ ಕೇಳಲಿಲ್ಲ. ಹಿಂದಿನ ಏರ್ಪಾಡಿನಿಂದ ಲೆಕ್ಕವನ್ನು ಕಲಿಯೋಣ, ಹೆಣ್ಣಿನ ಬಾಯಿ ಕಟ್ಟಿದ್ದನ್ನು ಅಲ್ಲಿಗೇ ಬಿಡೋಣ.

ಏತ, ಕಪಿಲೆ ಕಲಿಸಿದ ಪಾಠ

ಕೆರೆ ಅಚ್ಚುಕಟ್ಟಿನ ಹೊರಗೆ ಭೂಮಿ ಇದ್ದವರು ತೆರೆದ ಬಾವಿ ತೋಡಿದರು. ನೀರು ಮೇಲೆ ಇದ್ದರೆ ಏತ. ಉದ್ದನೆಯ ಮರದ ಒಂದು ತುದಿಗೆ ಬಾನಿ, ಇನ್ನೊಂದು ಕಡೆ ಭಾರ. ಕೆಲವು ಕಡೆ ಏತದ ಮರದ ಮೇಲೆ ಆಳೇ ಹಿಂದೆ ಮುಂದೆ ನಡೆದಾಡಿ ಅದನ್ನು ಏಳಿಸಿ ಇಳಿಸುತ್ತಿದ್ದ. ನೀರು ಆಳದಲ್ಲಿದ್ದರೆ ಕಪಿಲೆ. ಜೋಡಿ ಎತ್ತು ಇಳಿಜಾರಿನಲ್ಲಿ ಇಳಿಯುತ್ತಾ ಹಗ್ಗ ಎಳೆದರೆ ಚರ್ಮದ ಚೀಲ ತುಂಬಿಕೊಂಡು ಮೇಲೆ ಬರುತ್ತಿತ್ತು. ನಂತರದ ಕಾಲದಲ್ಲಿ ಕಬ್ಬಿಣದ ತಗಡಿನ ಬಾನಿ ಬಂತು. ಇಲ್ಲಿರುವ ಹಿರಿಯ ತಾಯಂದಿರು ಕಪಿಲೆ ಹೊಡೆಯುವುದನ್ನು ಚಿಕ್ಕಂದಿನಲ್ಲಿ ನೋಡಿರುತ್ತೀರಿ. ಬೆಳಗಿನಿಂದ ಸಂಜೆವರೆಗೆ ಹೊಡೆದರೂ ಒಂದು ಎಕರೆ ಪೂರ್ತಿ ನೆನೆಯುವುದು ಕಷ್ಟ. ಎತ್ತು ಸುಸ್ತಾದರೆ ನೀರೂ ನಿಂತಿತು. ಆದ್ದರಿಂದ ಬಾವಿಯಲ್ಲಿ ಮರುದಿನಕ್ಕೆ ನೀರು ಊರಲು ಸಮಯ ಸಿಗುತ್ತಿತ್ತು.

ಬೇರೆ ಸೀಮೆಗಳಲ್ಲೂ ಅವರವರ ನೆಲಕ್ಕೆ ತಕ್ಕ ಉಪಾಯ ಇತ್ತು. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಗುಡ್ಡದ ಕೆಂಪುಕಲ್ಲಿನಲ್ಲಿ ಅಡ್ಡಡ್ಡವಾಗಿ ಸುರಂಗ ಕೊರೆದು, ಒಸರುವ ನೀರನ್ನು ತೋಟಕ್ಕೆ ಹರಿಸುತ್ತಾರೆ. ಮಳೆಗಾಲ ಮುಗಿದ ಮೇಲೆ ಹಳ್ಳಕ್ಕೆ ಕಲ್ಲು, ಮಣ್ಣು, ಮರದ ತುಂಡು ಹಾಕಿ ಕಟ್ಟ ಕಟ್ಟುತ್ತಾರೆ. ಹಂಪಿಯ ಬಳಿ ವಿಜಯನಗರದ ಕಾಲದ ತುರ್ತು ಕಾಲುವೆಯಲ್ಲಿ ಇವತ್ತಿಗೂ ನೀರು ಹರಿದು ಗದ್ದೆ, ಬಾಳೆತೋಟ ಬೆಳೆಯುತ್ತಿವೆ.

ಬೋರ್‌ವೆಲ್ ಬಂದ ಮೇಲೆ

ಆಮೇಲೆ ಕರೆಂಟು ಬಂತು, ಪಂಪ್‌ಸೆಟ್ ಬಂತು, ಬೋರ್‌ವೆಲ್ ಬಂತು. ಇದರಿಂದ ಒಳ್ಳೆಯದೂ ಆಯಿತು. ಕೆರೆ ಕೆಳಗೆ ಭೂಮಿ ಇಲ್ಲದ ಬಡವರ ಹೊಲದಲ್ಲೂ ತರಕಾರಿ, ಹಿಪ್ಪುನೇರಳೆ, ಹಸುವಿಗೆ ಹಸಿರು ಮೇವು ಬೆಳೆಯಿತು. ರೇಷ್ಮೆ ಮತ್ತು ಹಾಲಿನಿಂದ ಎಷ್ಟೋ ಮನೆ ಉದ್ಧಾರ ಆಯಿತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಅದು ಚಿಕ್ಕ ರೈತರಿಗೆ ದೊಡ್ಡ ಸಹಾಯ.

ಆದರೆ ಎತ್ತಿಗೆ ಸುಸ್ತಾಗುತ್ತಿತ್ತು, ಮೋಟಾರಿಗೆ ಸುಸ್ತಿಲ್ಲ. ಒತ್ತಿದರೆ ನೀರು, ಬಿಲ್ಲೂ ಇಲ್ಲ. ಅಳತೆ ಎನ್ನುವುದೇ ಹೋಯಿತು. ನಮ್ಮ ನೆಲದ ಕೆಳಗೆ ಇರುವುದು ಗಟ್ಟಿ ಬಂಡೆ. ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ನಿಂತಿರುತ್ತದೆ. ಕೆಳಗೆ ಕಡಲಿದೆ, ಆಳಕ್ಕೆ ಹೋದಷ್ಟೂ ಸಿಗುತ್ತೆ ಅಂತ ತಿಳಿಯಬೇಡಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ತೆರೆದ ಬಾವಿಗಳು ಮೊದಲು ಬತ್ತಿದವು, ಆಮೇಲೆ 200, 300 ಅಡಿಯ ಬೋರುಗಳು, ಆಮೇಲೆ ಸಾವಿರ ಅಡಿ ದಾಟಿತು. ಕೋಲಾರ ಜಿಲ್ಲೆಯಲ್ಲಿ ಅಂತರ್ಜಲಕ್ಕೆ ಸೇರುವುದಕ್ಕಿಂತ ತೆಗೆಯುವುದು ಹೆಚ್ಚು ಅಂತ ಸರ್ಕಾರದ ಲೆಕ್ಕವೇ ಹೇಳುತ್ತದೆ. ಆಳದ ನೀರಿನಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಹಲ್ಲು ಕಂದುಬಣ್ಣಕ್ಕೆ ತಿರುಗಿದ ಮಕ್ಕಳನ್ನು, ಮಂಡಿ ಬಗ್ಗಿಸಲಾಗದ ಹಿರಿಯರನ್ನು ನಾವೆಲ್ಲಾ ನೋಡಿದ್ದೇವೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ನೀರು ಕೆರೆಯಲ್ಲಿ ನಿಂತು ನೆಲಕ್ಕೆ ಇಂಗಲಿ ಅಂತ ಬಿಟ್ಟಿರುವುದು. ಕೆರೆಗೆ ನೇರವಾಗಿ ಮೋಟಾರು ಇಟ್ಟು ಹೊಲಕ್ಕೆ ಹಾಯಿಸುವಂತಿಲ್ಲ. ಅದರ ಗುಣಮಟ್ಟದ ಬಗ್ಗೆ ಜನರಿಗೆ ಪ್ರಶ್ನೆಗಳೂ ಇವೆ, ಕೇಳುವುದು ನಮ್ಮ ಹಕ್ಕು. ಕೆರೆ ತುಂಬಿದ ಕೂಡಲೇ "ನೀರು ಬಂತು" ಅಂತ ಮತ್ತೆ ಅಳತೆ ಬಿಟ್ಟರೆ, ತುಂಬಿದ್ದು ಖಾಲಿಯಾಗಲು ಎಷ್ಟು ದಿನ ಬೇಕು?

ನೀರು ಹೆಚ್ಚಾದರೂ ಕಷ್ಟ ಅನ್ನುವುದಕ್ಕೆ ಒಂದು ಮಾತು ಸೇರಿಸುತ್ತೇವೆ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಡಲು ಶುರುವಾಯಿತು. ರಾಯಚೂರು, ಕೊಪ್ಪಳ, ಬಳ್ಳಾರಿಯ ಒಣಭೂಮಿ ಹಸಿರಾಯಿತು. ಆದರೆ ಬಸಿಗಾಲುವೆ ಇಲ್ಲದೆ, ಮಿತಿ ಇಲ್ಲದೆ ನೀರು ನಿಲ್ಲಿಸಿದ ಕಡೆ ಸಾವಿರಾರು ಎಕರೆ ಸವಳು ಜವಳಾಗಿ, ಉಪ್ಪು ಮೇಲೆ ಬಂದು, ಬೆಳೆ ಬರದಂತಾಯಿತು. ಕಾಲುವೆಯ ಕೊನೆಯ ರೈತರಿಗೆ ನೀರೇ ತಲುಪುವುದಿಲ್ಲ. ಮೇಲಿನವರಿಗೆ ಅಜೀರ್ಣ, ಕೆಳಗಿನವರಿಗೆ ಉಪವಾಸ.

ಹೊಸ ವಿಧಾನಗಳು: ಹನಿ ಮತ್ತು ತುಂತುರು

ಹನಿ ನೀರಾವರಿ, ನೀವು ಡ್ರಿಪ್ ಅನ್ನುವುದು, 1960ರ ದಶಕದಲ್ಲಿ ಇಸ್ರೇಲ್ ದೇಶದಲ್ಲಿ ಈಗಿನ ರೂಪಕ್ಕೆ ಬಂತು. ಅಲ್ಲಿ ಮರಳುಗಾಡು, ಮಳೆ ನಮಗಿಂತ ಕಡಿಮೆ. ಗಿಡದ ಬುಡಕ್ಕೆ ಮಾತ್ರ ಹನಿಹನಿಯಾಗಿ ನೀರು ಕೊಟ್ಟರೆ ನಡುವಿನ ನೆಲ ಒಣಗಿಯೇ ಇರುತ್ತದೆ. ಕಳೆ ಕಡಿಮೆ. ಕಳೆ ಕೀಳುವವರು ಯಾರು? ನಾವೇ. ಆದ್ದರಿಂದ ಡ್ರಿಪ್ ಹೆಂಗಸರ ಸೊಂಟಕ್ಕೂ ಉಪಕಾರ. ನೀರು ಕಟ್ಟಲು ರಾತ್ರಿ ಸನಿಕೆ ಹಿಡಿದು ಹಾವು ಚೇಳಿನ ನಡುವೆ ನಿಲ್ಲುವುದೂ ತಪ್ಪುತ್ತದೆ.

ತುಂತುರು ನೀರಾವರಿ, ಅಂದರೆ ಸ್ಪ್ರಿಂಕ್ಲರ್, ಮಳೆಯ ಹಾಗೆ ಮೇಲಿಂದ ಸಿಂಪಡಿಸುತ್ತದೆ. ಕಡಲೆಕಾಯಿ, ರಾಗಿ, ಹುರುಳಿ, ಮೇವಿನಂಥ ಒತ್ತಾಗಿ ಬೆಳೆಯುವ ಬೆಳೆಗೆ ಅದು ಸರಿ. ಜೋರು ಗಾಳಿಯಲ್ಲಿ, ಮಟಮಟ ಮಧ್ಯಾಹ್ನದಲ್ಲಿ ಹಾಕಿದರೆ ನೀರು ಗಾಳಿಗೇ ಹೋಗುತ್ತದೆ. ಬೆಳಿಗ್ಗೆ, ಸಂಜೆ ಹಾಕಬೇಕು.

ಹಾಯಿಸಿದ ನೀರಿನಲ್ಲಿ ಬೆಳೆಗೆ ಎಷ್ಟು ಸಿಗುತ್ತದೆ? ಕಾಲುವೆಯಲ್ಲಿ ಹಾಯಿಸಿದರೆ 100 ಕೊಡದಲ್ಲಿ ಸುಮಾರು 60 ಕೊಡ, ಅದೂ ಚೆನ್ನಾಗಿ ಮಾಡಿದರೆ. ತುಂತುರಿನಲ್ಲಿ ಸುಮಾರು 75 ಕೊಡ. ಹನಿಯಲ್ಲಿ ಸುಮಾರು 90 ಕೊಡ. ಉಳಿದದ್ದು ಆವಿಯಾಗಿ, ಹರಿದು, ಬೇರಿಗಿಂತ ಕೆಳಗೆ ಇಳಿದು ಹೋಗುತ್ತದೆ.

ಆದರೆ ಡ್ರಿಪ್ ನೀರನ್ನು ಹುಟ್ಟಿಸುವುದಿಲ್ಲ. ಇರುವ ನೀರನ್ನು ಹಂಚುತ್ತದೆ, ಅಷ್ಟೇ. ಕಾಲುವೆಯಲ್ಲಿ ಅರ್ಧ ಎಕರೆ ಬೆಳೆಯುತ್ತಿದ್ದವರು ಡ್ರಿಪ್ ಹಾಕಿದ ಮೇಲೆ ನೀರು ಉಳಿಯಿತು ಅಂತ ಮುಕ್ಕಾಲು ಎಕರೆ, ಒಂದು ಎಕರೆ ಬೆಳೆಯುತ್ತಾರೆ. ಆಗ ಬೋರಿನಿಂದ ತೆಗೆಯುವ ನೀರು ಮೊದಲಿನಷ್ಟೇ. ಒಂದು ಲೋಟವೂ ಉಳಿಯಲಿಲ್ಲ. ಗಂಡನ ಕೂಲಿ ಹೆಚ್ಚಿತು ಅಂತ ಖರ್ಚನ್ನೂ ಹೆಚ್ಚಿಸಿದರೆ ಪಾಸ್‌ಬುಕ್‌ನಲ್ಲಿ ಏನು ಉಳಿಯುತ್ತೆ ಹೇಳಿ? ಉಳಿತಾಯ ಅನ್ನಿಸಿಕೊಳ್ಳಬೇಕಾದರೆ ಉಳಿದ ನೀರಿನಲ್ಲಿ ಸ್ವಲ್ಪವನ್ನಾದರೂ ನೆಲದಲ್ಲೇ ಬಿಡಬೇಕು.

ಡ್ರಿಪ್ ಹಾಕಿದವರು ಗಮನಿಸಬೇಕಾದ ಕೆಲವು ಸಂಗತಿಗಳು:

- ಫಿಲ್ಟರನ್ನು ತಪ್ಪದೆ ತೊಳೆಯಿರಿ. ನಮ್ಮ ನೀರು ಗಡಸು, ಉಪ್ಪು ಕಟ್ಟಿ ತೂತು ಮುಚ್ಚುತ್ತದೆ. ಪೈಪಿನ ತುದಿಯ ಮುಚ್ಚಳ ಬಿಚ್ಚಿ ವಾರಕ್ಕೊಮ್ಮೆಯಾದರೂ ಕೊಳೆ ನೀರನ್ನು ಹೊರಗೆ ಬಿಡಿ.
- ಸಾಲಿನ ಮೊದಲ ಗಿಡ, ಕೊನೆಯ ಗಿಡ ಎರಡರ ಬುಡದಲ್ಲೂ ಲೋಟ ಇಟ್ಟು ನೋಡಿ. ಒಂದೇ ಹೊತ್ತಿನಲ್ಲಿ ಎರಡೂ ಸರಿಸಮವಾಗಿ ತುಂಬಬೇಕು.
- ತೂತು ಪೂರ್ತಿ ಕಟ್ಟಿಕೊಂಡರೆ ಆಸಿಡ್ ಹಾಕುವ ಕ್ರಮ ಇದೆ. ಅದನ್ನು ತೋಟಗಾರಿಕೆ ಇಲಾಖೆಯವರನ್ನು ಕೇಳಿಯೇ ಮಾಡಿ, ಮಕ್ಕಳ ಕೈಗೆ ಕೊಡಬೇಡಿ.
- ಬುಡಕ್ಕೆ ಒಣಹುಲ್ಲು, ಎಲೆ, ಅವರೆ ಸಿಪ್ಪೆ ಹೊದಿಸಿ. ಪ್ಲಾಸ್ಟಿಕ್ ಹೊದಿಕೆಗೆ ದುಡ್ಡು ಬೇಕು, ಇದಕ್ಕೆ ಬೇಡ.

ಡ್ರಿಪ್ ಹಾಕಲು ಶಕ್ತಿ ಇಲ್ಲದವರು ಬೇಸರ ಮಾಡಿಕೊಳ್ಳಬೇಡಿ. ಕಾಲುವೆಯಲ್ಲಿ ಹಾಯಿಸುವಾಗಲೂ ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಕೊಡಿ, ಮುಂದಿನ ಸಲ ಬಿಟ್ಟ ಸಾಲಿಗೆ ಕೊಡಿ. ನೀರು ಹಾಕುವ ಮುಂಚೆ ಅರ್ಧ ಅಡಿ ಆಳದ ಮಣ್ಣನ್ನು ಕೈಯಲ್ಲಿ ಹಿಡಿದು ಒತ್ತಿ. ಉಂಡೆ ಕಟ್ಟಿ ನಿಂತರೆ ಇವತ್ತು ನೀರು ಬೇಡ. ಪುಡಿಪುಡಿಯಾದರೆ ಬೇಕು. ರಾಗಿಮುದ್ದೆ ಕಟ್ಟುವ ಕೈಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ.

ನಿಮ್ಮ ಬೋರಿನ ಲೆಕ್ಕ ನೀವೇ ಹಾಕಿ

ಈಗ ಎಲ್ಲರೂ ಸ್ವಲ್ಪ ಗಮನ ಕೊಡಿ, ಪುಸ್ತಕ ಬರೆಯುವ ಪ್ರತಿನಿಧಿಗಳು ಬರೆದುಕೊಳ್ಳಿ.

200 ಲೀಟರಿನ ಡ್ರಮ್ ಒಂದನ್ನು ಬೋರಿನ ಪೈಪಿನ ಕೆಳಗೆ ಇಡಿ. ಮೋಟಾರು ಹಾಕಿ ಸ್ವಲ್ಪ ಹೊತ್ತು ನೀರು ಒಂದೇ ಸಮ ಬಂದ ಮೇಲೆ ಡ್ರಮ್ ತುಂಬಲು ಎಷ್ಟು ನಿಮಿಷ ಅಂತ ನೋಡಿ. ನಾಲ್ಕು ನಿಮಿಷ ಅಂದುಕೊಳ್ಳೋಣ. ನಿಮಿಷಕ್ಕೆ 50 ಲೀಟರ್ ಆಯಿತು. ಗಂಟೆಗೆ 3,000 ಲೀಟರ್. ದಿನಕ್ಕೆ ಆರು ಗಂಟೆ ಕರೆಂಟು ಸಿಕ್ಕರೆ 18,000 ಲೀಟರ್. ಇದು ನಿಮ್ಮ ಒಂದು ದಿನದ ಜಮಾ.

ಖರ್ಚು ಏನು? ಬೇಸಿಗೆಯಲ್ಲಿ ಚೆನ್ನಾಗಿ ಬೆಳೆದು ನಿಂತ ತರಕಾರಿ ಬೆಳೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಕುಡಿಯುತ್ತದೆ. ಎಕರೆಗೆ ಸುಮಾರು 20,000 ಲೀಟರ್. ಡ್ರಿಪ್‌ನಲ್ಲಿ ಸ್ವಲ್ಪ ನಷ್ಟ ಸೇರಿಸಿ 22,000 ಲೀಟರ್ ಬೇಕು. ಕಾಲುವೆಯಲ್ಲಾದರೆ 33,000 ಲೀಟರಿಗಿಂತ ಹೆಚ್ಚು. ಹಾಗಾದರೆ 18,000 ಲೀಟರಿನ ಬೋರಿನಲ್ಲಿ ಡ್ರಿಪ್ ಹಾಕಿದರೆ ಸುಮಾರು 32 ಗುಂಟೆ, ಕಾಲುವೆಯಲ್ಲಿ ಹಾಯಿಸಿದರೆ ಸುಮಾರು 21 ಗುಂಟೆ. ಅದಕ್ಕಿಂತ ಹೆಚ್ಚು ನೆಟ್ಟರೆ ಏಪ್ರಿಲ್ ತಿಂಗಳಲ್ಲಿ ಅರ್ಧ ತೋಟ ಒಣಗುತ್ತದೆ. ಆಗ "ಇನ್ನೊಂದು ಬೋರು ಹಾಕಿಸೋಣ" ಎನ್ನುವ ಮಾತು ಹುಟ್ಟುತ್ತದೆ, ಸಾಲದ ಅರ್ಜಿ ಸಂಘಕ್ಕೆ ಬರುತ್ತದೆ.

ಈ ಅಳತೆಯನ್ನು ಮಳೆಗಾಲ ಮುಗಿದಾಗ ಒಮ್ಮೆ, ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಮಾಡಿ, ದಿನಾಂಕ ಹಾಕಿ ಬರೆದಿಡಿ. ಇದೇ ನಿಮ್ಮ ನೀರಿನ ಪಾಸ್‌ಬುಕ್. ಬೆಳೆ ತೀರ್ಮಾನ ಮಾಡುವ ದಿನ ಮನೆಯಲ್ಲಿ ಈ ಪುಸ್ತಕ ಮುಂದಿಟ್ಟು ಮಾತಾಡಿ. "ನಿನಗೇನು ಗೊತ್ತು" ಅನ್ನುವ ಮಾತಿಗೆ ಬರೆದಿಟ್ಟ ಲೆಕ್ಕಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಬೋರಿನ ಸಾಲ ಕೊಡುವ ಮೊದಲು

ನಮ್ಮ ಕೆಲಸದಲ್ಲಿ ನಾವು ಎಷ್ಟೋ ಮನೆಗಳ ಜಗುಲಿಯಲ್ಲಿ ಕೂತು ಈ ಕಥೆ ಕೇಳಿದ್ದೇವೆ. ಮೊದಲ ಬೋರು ಧೂಳು, ಎರಡನೆಯದರಲ್ಲಿ ಆರು ತಿಂಗಳು ನೀರು, ಮೂರನೆಯದಕ್ಕೆ ಓಲೆ ಗಿರವಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಲ್ಲಿ ಒಂದು ಲಕ್ಷ ಸಾಲ ಎಂದರೂ ತಿಂಗಳಿಗೆ 1,000 ರೂಪಾಯಿ ಬಡ್ಡಿಯೇ ಆಯಿತು. ಎರಡು ವರ್ಷ ಅಸಲು ಕಟ್ಟಲಾಗದಿದ್ದರೆ ಬಡ್ಡಿಯೇ 24,000. ಖಾಸಗಿ ಸಾಲವಾದರೆ ಇದರ ಎಷ್ಟೋ ಪಟ್ಟು. ಮಕ್ಕಳ ಓದು ನಿಲ್ಲುವುದು, ಹೆಣ್ಣುಮಗಳು ಗಾರ್ಮೆಂಟ್ಸ್ ಬಸ್ಸು ಹತ್ತುವುದು ಅಲ್ಲಿಂದಲೇ.

ಸಾಲ ಕೊಡಬೇಡಿ ಅಂತ ನಾವು ಹೇಳುತ್ತಿಲ್ಲ. ಕೊಡುವ ಮೊದಲು ಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ:

1. ಸುತ್ತಮುತ್ತಲ ಹೊಲಗಳಲ್ಲಿ ಎಷ್ಟು ಬೋರುಗಳಿವೆ? ಎಷ್ಟು ಅಡಿ? ಅವುಗಳಲ್ಲಿ ಏಪ್ರಿಲ್ ತಿಂಗಳಲ್ಲಿ ನೀರು ಬರುತ್ತಿರುವುದು ಎಷ್ಟರಲ್ಲಿ?
2. ಈಗಿರುವ ಬೋರು ಅಥವಾ ಹಳೆ ಬಾವಿಗೆ ಮಳೆನೀರು ಇಂಗಿಸಿ ನೋಡಿದ್ದಾರಾ?
3. ಯಾವ ಬೆಳೆ, ಎಷ್ಟು ಗುಂಟೆ? ಡ್ರಿಪ್ ಖರ್ಚನ್ನು ಸಾಲದ ಲೆಕ್ಕದಲ್ಲಿ ಸೇರಿಸಿದ್ದಾರಾ?
4. ನೀರು ಬರದಿದ್ದರೆ ಕಂತು ಯಾವ ಆದಾಯದಿಂದ ಕಟ್ಟುತ್ತಾರೆ?
5. ಪಹಣಿ ಯಾರ ಹೆಸರಿನಲ್ಲಿದೆ, ಸಾಲ ಯಾರ ಹೆಸರಿನಲ್ಲಿ? ತೀರ್ಮಾನದಲ್ಲಿ ಸದಸ್ಯೆಯ ಮಾತು ಇದೆಯಾ, ಬರೀ ರುಜು ಮಾತ್ರವಾ?
6. ಅಂತರ್ಜಲ ಕುಸಿದ ತಾಲ್ಲೂಕುಗಳಲ್ಲಿ ಬೋರು ಕೊರೆಸಲು 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅನುಮತಿ ಬೇಕು. ಅದನ್ನು ಪಡೆದಿದ್ದಾರಾ?

ಐದನೆಯ ಪ್ರಶ್ನೆಯನ್ನು ಕೇಳಲು ಮುಜುಗರ ಪಡಬೇಡಿ. ಡ್ರಿಪ್‌ಗೆ ಸರ್ಕಾರದ ಸಹಾಯಧನ ಇದೆ. ಅದಕ್ಕೆ ಅರ್ಜಿ ಹಾಕುವಾಗ ಪಹಣಿ ಕೇಳುತ್ತಾರೆ. ಹೊಲದಲ್ಲಿ ದುಡಿಯುವುದು ನಾವು, ಪಹಣಿಯಲ್ಲಿ ಹೆಸರು ಮಾವನದ್ದೋ, ತೀರಿಹೋದ ಗಂಡನದ್ದೋ. ಖಾತೆ ಬದಲಾಗದೆ ಸಹಾಯಧನ ಕೈತಪ್ಪುತ್ತದೆ. ಗಂಡ ತೀರಿಕೊಂಡ ಸದಸ್ಯೆಯರು ನಿಮ್ಮ ಸಂಘದಲ್ಲಿದ್ದರೆ ಪೌತಿ ಖಾತೆ ಮಾಡಿಸಲು ಸಂಘದಿಂದ ಇಬ್ಬರು ಜೊತೆಗೆ ನಾಡಕಚೇರಿಗೆ ಹೋಗಿ. ಒಬ್ಬಳೇ ಹೋದರೆ "ನಾಳೆ ಬಾ" ಅನ್ನುತ್ತಾರೆ, ಮೂವರು ಹೋದರೆ ಕೂರಿಸಿ ಮಾತಾಡುತ್ತಾರೆ. ಸಹಾಯಧನದ ಪ್ರಮಾಣ ಆಗಾಗ ಬದಲಾಗುವುದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ್ದನ್ನು ಕೇಳಿ ತಿಳಿದುಕೊಳ್ಳಿ.

ಬತ್ತಿದ ಬೋರಿನ ಬಗ್ಗೆ ತಾಯಂದಿರಾಗಿ ಒಂದು ಮಾತು. ಅದರ ಬಾಯಿಗೆ ಗೋಣಿಚೀಲ, ಚಪ್ಪಡಿ ಮುಚ್ಚಿ ಬಿಡಬೇಡಿ. ಗಟ್ಟಿಯಾದ ಮುಚ್ಚಳ ಹಾಕಿಸಿ, ಉಪಯೋಗವೇ ಇಲ್ಲದಿದ್ದರೆ ಮಣ್ಣು ತುಂಬಿಸಿ. ಮಕ್ಕಳು ಬಿದ್ದ ಸುದ್ದಿ ನಾವು ಮತ್ತೆ ಮತ್ತೆ ಕೇಳುತ್ತಿದ್ದೇವೆ.

ಜಮಾ ಹೆಚ್ಚಿಸುವುದು ಹೇಗೆ?

ಖರ್ಚು ಕಡಿಮೆ ಮಾಡುವುದು ಒಂದು ದಾರಿ, ಜಮಾ ಹೆಚ್ಚಿಸುವುದು ಇನ್ನೊಂದು. ಹೊಲದ ಬದು ಸರಿ ಮಾಡಿಸಿ, ಇಳಿಜಾರಿಗೆ ಅಡ್ಡವಾಗಿ ಉಳುಮೆ ಮಾಡಿಸಿ. ತಗ್ಗಿನಲ್ಲಿ ಕೃಷಿ ಹೊಂಡ ತೆಗೆಸಿ, ಅದಕ್ಕೆ ಬೇಲಿ ಮರೆಯಬೇಡಿ. ಬೋರಿನ ಸುತ್ತ ಗುಂಡಿ ತೆಗೆದು ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ ಮಳೆನೀರು ಸೋಸಿ ಇಂಗಿಸುವ ಕ್ರಮವನ್ನು ತಿಳಿದವರಿಂದ ಮಾಡಿಸಿ. ಗೊಬ್ಬರ, ಔಷಧಿ ಬೆರೆತ ನೀರನ್ನು ಬೋರಿಗೆ ಬಿಡಬಾರದು. ಕೆರೆಯ ಹೂಳು ಹೊಲಕ್ಕೆ ಹೊಡೆದರೆ ಕೆರೆಗೂ ಲಾಭ, ಹೊಲಕ್ಕೂ ಲಾಭ. ರಾಜಕಾಲುವೆ ಒತ್ತುವರಿಯಾಗಿ ಕೆರೆಗೆ ನೀರು ಬರದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಗ್ರಾಮಸಭೆಯಲ್ಲಿ ಮಾತಾಡುವ ಹಕ್ಕು ಭಾಗೀರಥಿಗೆ ಇರಲಿಲ್ಲ, ನಿಮಗೆ ಇದೆ.

ಭೂಮಿ ಇಲ್ಲದ ಸದಸ್ಯೆಯರೂ ಇಲ್ಲಿದ್ದೀರಿ. ನಿಮ್ಮ ಹಿತ್ತಲಿಗೆ ಒಂದು ಸುಲಭ ಉಪಾಯ ಇದೆ, ಮಡಕೆ ನೀರಾವರಿ. ಎರಡು ಸಾವಿರ ವರ್ಷದ ಹಿಂದೆಯೇ ಚೀನಾ ದೇಶದಲ್ಲಿ ಇದನ್ನು ಮಾಡುತ್ತಿದ್ದರು. ಬಣ್ಣ ಬಳಿಯದ, ನೀರು ಒಸರುವ ಹೊಸ ಮಣ್ಣಿನ ಮಡಕೆ ತನ್ನಿ. ಐದಾರು ಲೀಟರ್ ಹಿಡಿದರೆ ಸಾಕು. ಕತ್ತಿನವರೆಗೆ ಮಣ್ಣಲ್ಲಿ ಹೂತು, ಸುತ್ತ ಗೇಣು ದೂರದಲ್ಲಿ ಹಾಗಲ, ಹೀರೆ, ಸೋರೆ, ಕುಂಬಳ ಬೀಜ ಹಾಕಿ. ಮಡಕೆಗೆ ನೀರು ತುಂಬಿ ಬಾಯಿಗೆ ಮುಚ್ಚಳ ಇಡಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಸುತ್ತಲ ಮಣ್ಣು ಒಣಗಿದಾಗ ಮಡಕೆ ಒಸರುತ್ತದೆ, ಒದ್ದೆ ಇದ್ದಾಗ ಒಸರುವುದು ಕಡಿಮೆ. ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಗಡಸು ನೀರಾದರೆ ಕೆಲವು ತಿಂಗಳಲ್ಲಿ ರಂಧ್ರ ಕಟ್ಟಿಕೊಳ್ಳುತ್ತದೆ, ಆಗ ಮಡಕೆ ಬದಲಿಸಿ. ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗಲಿ. 1,000 ಚದರ ಅಡಿ ಛಾವಣಿಯ ಮೇಲೆ ನಮ್ಮ ಮಳೆಯಲ್ಲಿ ವರ್ಷಕ್ಕೆ ಸುಮಾರು 65,000 ಲೀಟರ್ ಬೀಳುತ್ತದೆ. ಮುಕ್ಕಾಲು ಪಾಲು ಹಿಡಿದರೂ ಹಿತ್ತಲಿನ ತರಕಾರಿಗೆ ಅದು ದೊಡ್ಡ ಆಸರೆ.

ಮುಂದಿನ ಸಭೆಗೆ ಮಾಡಿಕೊಂಡು ಬರಬೇಕಾದ್ದು

ಹಳೆಯದು ಒಳ್ಳೆಯದಾ, ಹೊಸದು ಒಳ್ಳೆಯದಾ ಅಂತ ಜಗಳ ಬೇಡ. ಕೆರೆಯ ಕಾಲದ ಅಳತೆ ಇರಲಿ, ಈ ಕಾಲದ ಡ್ರಿಪ್ ಇರಲಿ, ಎರಡೂ ನಮಗೆ ಬೇಕು. ಅಳತೆ ಇಲ್ಲದ ಡ್ರಿಪ್ಪೂ ಬೋರನ್ನು ಬತ್ತಿಸುತ್ತದೆ.

ಮುಂದಿನ ತಿಂಗಳ ಒಕ್ಕೂಟದ ಸಭೆಗೆ ಬರುವಾಗ ಪ್ರತಿ ಸಂಘದವರೂ ಮೂರು ವಿಷಯ ಬರೆದು ತನ್ನಿ. ಒಂದು, ಸದಸ್ಯೆಯರ ಮನೆಗಳಲ್ಲಿ ಎಷ್ಟು ಬೋರು ಕೊರೆಸಿದ್ದಾರೆ, ಎಷ್ಟರಲ್ಲಿ ಈಗ ನೀರಿದೆ. ಎರಡು, ಅದಕ್ಕಾಗಿ ತೆಗೆದ ಸಾಲದಲ್ಲಿ ಇನ್ನೂ ಎಷ್ಟು ಬಾಕಿ. ಮೂರು, ನೀರಿರುವ ಬೋರುಗಳಲ್ಲಿ ಡ್ರಮ್ ತುಂಬಲು ಎಷ್ಟು ನಿಮಿಷ. ಹೆಸರು ಹೇಳಬೇಕಾಗಿಲ್ಲ, ಅಂಕಿ ಸಾಕು. ಎಲ್ಲಾ ಸಂಘಗಳ ಅಂಕಿ ಒಂದೇ ಹಾಳೆಯಲ್ಲಿ ಸೇರಿಸಿದರೆ ನಮ್ಮ ಊರುಗಳ ನೀರಿನ ಸ್ಥಿತಿ ನಮಗೇ ಕಾಣುತ್ತದೆ. ಆ ಹಾಳೆ ಹಿಡಿದು ಪಂಚಾಯಿತಿಗೆ ಹೋಗೋಣ, ಕೃಷಿ ಇಲಾಖೆಗೆ ಹೋಗೋಣ.

ಪ್ರಶ್ನೆಗಳಿದ್ದರೆ ಊಟದ ಮುಂಚೆಯೇ ಕೇಳಿ, ಗೊತ್ತಿದ್ದವರು ಉತ್ತರ ಹೇಳಿ.